ಒಂದು ತಾಳಿ, ಎರಡು ಪಂಚಾಂಗ, ಐವತ್ತು ನಿಮಿಷದ ಗಟ್ಟಿಮೇಳ

ವಾಕ್ಯ ಪಂಚಾಂಗವನ್ನೂ ತಿರುಕ್ಕಣಿತ ಪಂಚಾಂಗವನ್ನೂ ಗಣಿಸಿಕೊಡುವ ಮಹನೀಯರಿಬ್ಬರ ಸನ್ನಿಧಾನಕ್ಕೆ, ಕುಂಭಕೋಣದ ಪಾತ್ರೆ ವ್ಯಾಪಾರಿ ನಲ್ಲತಂಬಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಅಪ್ಪಣೆಯಿಲ್ಲದೆ ಚಂದ್ರ ಹೆಜ್ಜೆಯಿಡುವುದಿಲ್ಲವೆಂದು ಬಲ್ಲೆ. ಆದರೆ ಇರುವ ಒಬ್ಬ ಚಂದ್ರನಿಗೆ ತಾವಿಬ್ಬರೂ ಬೇರೆ ಬೇರೆ ಅಪ್ಪಣೆ ಕೊಟ್ಟಾಗ ಹೆಣ್ಣಿನ ತಂದೆ ಏನು ಮಾಡಬೇಕೆಂದು ಎರಡು ಪುಸ್ತಕಗಳಲ್ಲೂ ಅಚ್ಚು ಹಾಕಿಲ್ಲವಾದ್ದರಿಂದ ಈ ಪತ್ರ.

ಕಳೆದ ವೈಕಾಸಿ ಮಾಸದಲ್ಲಿ ನನ್ನ ಮಗಳು ಪೂಂಗೊಡಿಯ ಮದುವೆ. ನಮ್ಮ ಮನೆಯ ವಾಕ್ಯ ಪಂಚಾಂಗದಂತೆ ಬೆಳಿಗ್ಗೆ ಎಂಟೂವರೆಗೆ ಮುಹೂರ್ತ ಮುಗಿಯುವುದರೊಳಗೆ ತಾಳಿ. ಎಂಟು ದಾಟುತ್ತಿದ್ದಂತೆ ವರನ ತಾಯಿ ವಡಿವಾಂಬಾಳ್ ಅವರು ಕೈಚೀಲದಿಂದ ತಿರುಕ್ಕಣಿತವನ್ನು ತೆಗೆದು, "ಬೀಗರೇ, ನಮ್ಮ ಪುಸ್ತಕದಲ್ಲಿ ಒಂಬತ್ತು ಹತ್ತರವರೆಗೂ ಅಷ್ಟಮಿ ಇದೆ. ಅಷ್ಟಮೀಲಿ ನನ್ನ ಮಗ ತಾಳಿ ಕಟ್ಟೋದಿಲ್ಲ" ಎಂದರು. "ಎಂಟೂವರೆ ದಾಟಿದರೆ ನನ್ನ ಮಗಳು ಕತ್ತು ಕೊಡೋದಿಲ್ಲ" ಎಂದು ನನ್ನ ಹೆಂಡತಿ ಹಸೆಮಣೆಯ ಮುಂದೆಯೇ ಕೂತುಬಿಟ್ಟಳು. ವರನ ಸೋದರಮಾವ ತಮ್ಮ ವ್ಯಾನು ಹುಡುಕಲು ಹೊರಟರು. ನಾನು ಕಂಬ ಹಿಡಿದುಕೊಂಡೆ.

ತಲೆ ತಗ್ಗಿಸಿ ಕೂತಿದ್ದ ಪೂಂಗೊಡಿ, "ಗಂಟು ಮೂರಲ್ವಾ ಅಪ್ಪಾ? ಒಂದು ನಮ್ಮ ಹೊತ್ತಿಗೆ ಬೀಳಲಿ. ಉಳಿದೆರಡು ಹೇಗೂ ನಾದಿನಿ ಹಾಕಬೇಕು, ಅತ್ತೆಯವರ ಹೊತ್ತಿಗೆ ಹಾಕಲಿ. ಒಂದು ಗಂಟಿಗೆ ಮದುವೆ ಆಯ್ತು ಅಂತ ಅಮ್ಮನಿಗೆ ಹೇಳಿ, ಆಗಿಲ್ಲ ಅಂತ ಅತ್ತೆಗೆ ಹೇಳಿ" ಎಂದಳು.

ಎಂಟು ಇಪ್ಪತ್ತಕ್ಕೆ ಅಳಿಯ ಇಳಂಗೋ ಒಂದು ಗಂಟು ಹಾಕಿದರು. ಮೂರೂ ಮುಗಿಯುವವರೆಗೆ ಗಟ್ಟಿಮೇಳ ನಿಲ್ಲುವಂತಿಲ್ಲವಷ್ಟೇ. ಒಂಬತ್ತು ಹತ್ತಕ್ಕೆ ನಾದಿನಿ ಉಳಿದೆರಡನ್ನು ಹಾಕುವವರೆಗೆ ತವಿಲ್ ವಿದ್ವಾಂಸರು ಐವತ್ತು ನಿಮಿಷ ಬಾರಿಸಿದರು, ಊಟದ ಮನೆಯಲ್ಲಿ ವೆಣ್ಪೊಂಗಲ್ ಕಲ್ಲಾಯಿತು, ಮೂರರಲ್ಲೊಂದು ಪಾಲು ಮದುವೆಯಾದ ಅಳಿಯಂದಿರು ದಾರ ಜಾರದಂತೆ ಹಿಡಿದು ಬಗ್ಗಿಯೇ ನಿಂತರು. ಆ ಗದ್ದಲದಲ್ಲಿ ಪೂಂಗೊಡಿಯ ಕಿವಿಯಲ್ಲಿ ಏನು ಹೇಳಿದರೋ, ಈ ಸಂಬಂಧ ಕುದುರಿದಂದಿನಿಂದ ಮುಖ ಬಿಗಿದುಕೊಂಡೇ ಇದ್ದ ನನ್ನ ಮಗಳು ನಕ್ಕಳು. ನನ್ನ ಎದೆಯ ಭಾರ ಇಳಿದದ್ದು ಆಗ. ಇದಕ್ಕಾಗಿ ತಮ್ಮಿಬ್ಬರಿಗೂ ಋಣಿ.

ಆದರೂ ಮುಂದಿನ ವರ್ಷದ ಪುಸ್ತಕ ಅಚ್ಚಿಗೆ ಹೋಗುವ ಮೊದಲು ತಾವು ಒಂದು ಕಡೆ ಕೂತು, ಚಂದ್ರನನ್ನೂ ಕರೆಸಿ, ಅವನು ಯಾರ ಮಾತು ಕೇಳುತ್ತಾನೆಂದು ಬರೆಸಿಕೊಳ್ಳಬೇಕಾಗಿ ವಿನಂತಿ. ಅದಾಗದಿದ್ದರೆ ಎಂಟೂವರೆಯಿಂದ ಒಂಬತ್ತು ಹತ್ತರವರೆಗಿನ ಹೊತ್ತನ್ನು ದಿನದಿಂದಲೇ ತೆಗೆದುಹಾಕಿಸಬೇಕು.

ತಮ್ಮಿಬ್ಬರಿಗೂ ಸಮಸಮನಾಗಿ ವಿಶ್ವಾಸಿ,
ನಲ್ಲತಂಬಿ

ವಿ.ಸೂ.: ಮೊನ್ನೆ ಪಂಗುನಿ ಮಾಸದಲ್ಲಿ ಮೊಮ್ಮಗಳು ಹುಟ್ಟಿದಳು, ನಟ್ಟನಡು ರಾಹುಕಾಲದಲ್ಲಿ. ಅದರಲ್ಲಿ ಮಾತ್ರ ತಮ್ಮ ಎರಡು ಪುಸ್ತಕಗಳಿಗೂ ಭೇದವಿಲ್ಲ. ಅಜ್ಜಿಯರಿಬ್ಬರೂ ಮೊದಲ ಬಾರಿಗೆ ಒಂದೇ ಮಾತು ಹೇಳುತ್ತಿದ್ದಾರೆ: ಆಸ್ಪತ್ರೆಯ ಗಡಿಯಾರವೇ ತಪ್ಪಂತೆ.