ಹದಿನಾರು ದೀಪದ ಪೆಟ್ಟಿಗೆ

ಅವತ್ತು ತಿಪ್ಪೇಶನ ಕಿವಿಯಿಂದ ವೈರು ಜಾರಿ ಹತ್ತಿಯ ರಾಶಿಯೊಳಗೆ ಬೀಳದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಿತ್ತು. ಬಿದ್ದದ್ದನ್ನು ಪೆದ್ದಕಡುಬೂರಿನ ರೈತ ಗಾದಿಲಿಂಗ ನೋಡಿಬಿಟ್ಟ.

ತಿಪ್ಪೇಶ ಆದೋನಿಯ ಮರಿಬಸಪ್ಪ ಸಾಹುಕಾರರ ಹತ್ತಿ ದಲಾಲಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ತನ್ನ ಪಾಡಿಗೆ ತಾನಿರುವ ಮನುಷ್ಯ. ಅಂಥವನಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಪ್ರೀತಿ ಅಂಟಿಕೊಂಡಿತು. ಹೆದರಬೇಕಾಗಿಲ್ಲ, ಅದು ಸಿಂಥಸೈಜರು. ಬುತ್ತಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅಗ್ಗದ್ದು, ಆರು ಸೆಲ್ಲು ಹಾಕಿದರೆ ಎಲ್ಲಿ ಬೇಕಾದರೂ ಹಾಡುತ್ತದೆ. ಮೇಲೆ ಒಂದಿಷ್ಟು ತಿರುಗಿಸುವ ಗುಂಡಿಗಳು, ಕೆಳಗೆ ಸಾಲಾಗಿ ಹದಿನಾರು ಕೆಂಪು ದೀಪಗಳು. ಒಂದೊಂದು ದೀಪಕ್ಕೆ ಒಂದೊಂದು ಸ್ವರ ಕೊಟ್ಟು ಬಿಟ್ಟರೆ, ಒಂದರಿಂದ ಹದಿನಾರರವರೆಗೆ ದೀಪ ಓಡುತ್ತ ಅದೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುತ್ತದೆ. ಮನುಷ್ಯ ಮಾಡಬೇಕಾದದ್ದು ಗುಂಡಿ ತಿರುಗಿಸುವುದಷ್ಟೇ. ಒಂದು ಗುಂಡಿ ತಿರುಗಿಸಿದರೆ ದುಂಬಿ, ಇನ್ನೊಂದು ತಿರುಗಿಸಿದರೆ ಎತ್ತಿನ ಕೂಗು. ಚಿಕ್ಕಂದಿನಲ್ಲಿ ಭಜನೆಯವರು ಕೈಗೆ ತಾಳವನ್ನೂ ಕೊಡದಿದ್ದ ತಿಪ್ಪೇಶನಿಗೆ, ತನ್ನ ಬೆರಳಿನಿಂದಲೂ ಚಂದದ್ದೊಂದು ಹುಟ್ಟುತ್ತದೆ ಎಂದು ಗೊತ್ತಾದದ್ದು ಆಗಲೇ. ಮೊದಲ ಸಲ ಕೇಳಿದಾಗ ಅವನ ಕಣ್ಣು ಒದ್ದೆಯಾಗಿತ್ತು.

ಮನೆಯಲ್ಲಿ ನುಡಿಸುವಂತಿರಲಿಲ್ಲ. ಮೊದಲ ದಿನವೇ ಪಕ್ಕದ ಮನೆಯ ಗುರುಬಸಮ್ಮ ಗೋಡೆ ತಟ್ಟಿ, “ಹೇಮಾವತಿ, ನಿನ್ನ ಗಂಡಗ ಉಬ್ಬಸ ಎದ್ದೈತೇನವಾ?” ಎಂದು ಕೇಳಿದ್ದಳು. ನಾಚಿಕೆಯಿಂದ ಹೇಮಾವತಿ ಎರಡು ದಿನ ನಲ್ಲಿಯ ಹತ್ತಿರ ಹೋಗಲಿಲ್ಲ, ಮನೆಯಲ್ಲಿ ಆ ಪೆಟ್ಟಿಗೆ ಮುಟ್ಟಲೇಕೂಡದು ಅಂದಳು. ಆಮೇಲೆ ಪೆಟ್ಟಿಗೆ ಬುತ್ತಿ ಚೀಲದೊಳಗೆ ಕೂತು ಅಂಗಡಿಗೆ ಬರತೊಡಗಿತು. ಸಾಹುಕಾರರು ಊಟಕ್ಕೆ ಹೋದ ಇಪ್ಪತ್ತು ನಿಮಿಷ, ಹಿಂದಿನ ಗೋದಾಮಿನಲ್ಲಿ ಹತ್ತಿಯ ರಾಶಿಗೆ ಒರಗಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಗುಂಡಿ ತಿರುಗಿಸುವುದು. ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಅವನದು ಅಂತ ಇದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ. ಸಾಹುಕಾರರಿಗೆ ಗೊತ್ತಾದರೆ ಅದೂ ಇರುವುದಿಲ್ಲ. ಕೆಲಸದ ವೇಳೆಯಲ್ಲಿ ಫೋನಿನೊಳಗೆ ಕ್ರಿಕೆಟ್ ನೋಡಿದ ಇನ್ನೊಬ್ಬ ಗುಮಾಸ್ತನನ್ನು ಅವರು ಚಪ್ಪಲಿ ಮೆಟ್ಟಲೂ ಬಿಡದೆ ಮನೆಗೆ ಕಳಿಸಿದ್ದರು.

ಗಾದಿಲಿಂಗ ಗೋದಾಮಿನೊಳಗೆ ಬಂದದ್ದು ಜಗಳ ಮಾಡುವುದಕ್ಕೆ. ಹತ್ತಿಯಲ್ಲಿ ತೇವ ನೂರಕ್ಕೆ ಎಂಟರೊಳಗಿದ್ದರೆ ಪೂರ್ತಿ ದರ, ಮೇಲೇರಿದಷ್ಟೂ ಕಡಿತ. ಸಾಹುಕಾರರ ತೇವ ಅಳೆಯುವ ಯಂತ್ರ ಮೂರು ವರ್ಷದಿಂದ ಹನ್ನೆರಡರ ಕೆಳಗೆ ಇಳಿದದ್ದೇ ಇಲ್ಲ, ನಡು ಬೇಸಿಗೆಯಲ್ಲೂ. ಅವತ್ತು ಬೆಳಿಗ್ಗೆ ಗಾದಿಲಿಂಗನ ಹತ್ತಿಗೆ ಅದು ಹದಿನಾಲ್ಕು ಅಂದಿತ್ತು. ಸಿಟ್ಟಿನಿಂದ ಬಂದವನಿಗೆ ಕಂಡದ್ದು ಏನು? ತಿಪ್ಪೇಶನ ತೊಡೆಯ ಮೇಲೆ ದೀಪ ಓಡುವ ಪೆಟ್ಟಿಗೆ, ಅದರ ವೈರಿನ ತುದಿ ತನ್ನದೇ ಹತ್ತಿಯೊಳಗೆ.

“ಏನ್ರೀ ತಿಪ್ಪೇಶಣ್ಣ, ಹೊಸ ತೇವದ ಮಿಷನ್ನೇನು?”

ಹಾಡುವ ಪೆಟ್ಟಿಗೆ ಎಂದು ಹೇಳಲು ತಿಪ್ಪೇಶನಿಗೆ ಧೈರ್ಯ ಸಾಲಲಿಲ್ಲ. “ಹ್ಞೂ” ಅಂದ.

ಅಂದು, ಗಡಬಡಿಸಿ ಎದ್ದ. ವೈರು ಕಿತ್ತುಬಂತು. ಪೆಟ್ಟಿಗೆಯೊಳಗಿನ ಸ್ಪೀಕರು ಬಾಯಿ ಬಿಟ್ಟು, ಅವನು ಆಗಷ್ಟೇ ಕಟ್ಟಿದ್ದ ಹದಿನಾರು ಸ್ವರಗಳು ಗೋದಾಮಿನ ತಗಡಿನ ಕೆಳಗೆ ಗಂಭೀರವಾಗಿ ಸುತ್ತಿದವು. ಗಾದಿಲಿಂಗ ತಲೆಯ ಮೇಲಿನ ಟವೆಲ್ ತೆಗೆದು ನಿಂತ. ತಿಪ್ಪೇಶ ಗಾಬರಿಯಿಂದ ನಿಲ್ಲಿಸುವ ಗುಂಡಿ ಒತ್ತಿದ. ಓಡುತ್ತಿದ್ದ ದೀಪ ಒಂಬತ್ತನೆಯದರ ಮೇಲೆ ನಿಂತುಬಿಟ್ಟಿತು.

“ಒಂಬತ್ತು!” ಗಾದಿಲಿಂಗ ಕೂಗಿದ. “ಮುಂಜಾನಿ ಹದಿನಾಕು ಅಂದಿದ್ರಿ, ಇದು ಒಂಬತ್ತು ಅಂತೈತಿ. ಯಪ್ಪಾ, ಹತ್ತಿ ತಾನೇ ಬಾಯಿ ಬಿಟ್ಟು ಹೇಳ್ತು!”

ಐದು ನಿಮಿಷದಲ್ಲಿ ಗೋದಾಮು ರೈತರಿಂದ ತುಂಬಿತು. ಎಲ್ಲರ ಕೈಯಲ್ಲೂ ತಮ್ಮ ತಮ್ಮ ಚೀಲದ ಹತ್ತಿ.

“ನಮ್ಮದೂ ಹಾಡಸ್ರಿ ತಿಪ್ಪೇಶಣ್ಣ” ಎಂದಳು ಉರುಕುಂದದ ರಾಮಲಕ್ಷ್ಮಿ. “ಹನ್ನೆರ್ಡು ದಿನ ಮಾಳಿಗಿ ಮ್ಯಾಗ ಒಣಗ್ಸೀನಿ. ಆದ್ರೂ ಹದಿಮೂರು ಅಂತ ಬರದಾರ.”

ತಿಪ್ಪೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದೀಪವನ್ನು ಸಿಕ್ಕಲ್ಲಿ ನಿಲ್ಲಿಸಿದರೆ ಒಬ್ಬೊಬ್ಬರ ಇಡೀ ವರ್ಷದ ದುಡಿಮೆ ಹೋಗುತ್ತದೆ. ನಿಜ ಹೇಳಿದರೆ ಪೆಟ್ಟಿಗೆ ಹೋಗುತ್ತದೆ. ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ಹತ್ತೊಂಬತ್ತು ವರ್ಷ ಹತ್ತಿ ಹಿಚುಕಿದ ಅವನ ಎಡಗೈಗೆ ತೇವ ಎಷ್ಟೆಂದು ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ. ಎಡಗೈಯಲ್ಲಿ ಹತ್ತಿ ಹಿಡಿದ, ಬಲಗೈ ಗುಂಡಿಯ ಮೇಲಿಟ್ಟ. ಸರಿಯಾದ ದೀಪಕ್ಕೆ ನಿಲ್ಲಿಸಲು ಆಗಬೇಕಲ್ಲ, ಅದಕ್ಕೆ ವೇಗ ತಗ್ಗಿಸಿದ. ಹಾಡು ಸಾವಿನ ಮನೆಯ ಭಜನೆಯಷ್ಟು ನಿಧಾನವಾಯಿತು. ಜನ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬರತೊಡಗಿದರು.

ಸಿ. ಬೆಳಗಲ್ಲಿನ ನರಸಣ್ಣ ಎಂಬ ಹಿರಿಯನ ಹತ್ತಿ ಹಿಡಿದಾಗ ದೀಪ ಹದಿಮೂರರ ಮೇಲೆ ನಿಂತಿತು. ಎಲ್ಲರೂ ನರಸಣ್ಣನನ್ನು ನೋಡಿದರು.

“ತೂಕ ಬರ್ಲಿ ಅಂತ ಎರಡು ಕೊಡ ನೀರು ಚಿಮಕ್ಸಿದ್ನಿ” ಎಂದ ಮುದುಕ. “ಇದರ ಮುಂದ ಸುಳ್ಳು ನಡ್ಯಂಗಿಲ್ರಪ್ಪ.”

ಅಲ್ಲಿಂದ ಮುಂದೆ ಆ ಪೆಟ್ಟಿಗೆಯ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಊಟ ಮುಗಿಸಿ ಬಂದ ಮರಿಬಸಪ್ಪನವರಿಗೆ ಬಾಗಿಲಲ್ಲಿ ಕಂಡದ್ದು ನಲವತ್ತು ಜೊತೆ ಚಪ್ಪಲಿ. ಒಳಗೆ ಕಾಲಿಡುತ್ತಲೇ ಗಾದಿಲಿಂಗ ಅವರ ಕಾಲು ಮುಟ್ಟಿದ.

“ಸಾವ್ಕಾರ್ರ, ನೀವು ದೇವ್ರಂಥೋರು. ನಮ್ಮ ಸಲುವಾಗಿ ಇಂಥ ಮಿಷನ್ ತರ್ಸೀರಿ.”

ಮರಿಬಸಪ್ಪನವರನ್ನು ಆ ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರಿನಿಂದ ಕರೆದವರಿದ್ದರು, ದೇವರು ಅಂದವರು ಇರಲಿಲ್ಲ. ಅವರು ಪೆಟ್ಟಿಗೆ ನೋಡಿದರು, ಜನರನ್ನು ನೋಡಿದರು. “ಹೌದಪ್ಪ, ನಾನೇ ತರ್ಸೀನಿ” ಎಂದರು. ಆಮೇಲೆ ತಿಪ್ಪೇಶನ ಕಿವಿಗೆ ಬಾಯಿಟ್ಟು, “ಸಂಜಿಗೆ ನಿನ್ನ ನೋಡ್ಕೊಂತೀನಲೇ. ಈಗ ದೀಪ ಹನ್ನೆರ್ಡರ ಮ್ಯಾಗ ನಿಲ್ಸು” ಅಂದರು.

ತಿಪ್ಪೇಶ ತಲೆಯಾಡಿಸಿದ. ಆದರೆ ಎಡಗೈ ಎಂಟು ಅಂದಾಗ ಬಲಗೈ ಹನ್ನೆರಡಕ್ಕೆ ಹೋಗಲು ಒಪ್ಪಲಿಲ್ಲ. ದೀಪ ಎಂಟು ಅಂತು, ಒಂಬತ್ತು ಅಂತು, ಮತ್ತೆ ಎಂಟು ಅಂತು. ಒಂದೊಂದು ದೀಪಕ್ಕೂ ಸಾಹುಕಾರರ ಮುಖ ಒಂದೊಂದು ಬಣ್ಣಕ್ಕೆ ತಿರುಗುತ್ತಿತ್ತು.

ಸುದ್ದಿ ಕೇಳಿ ಬೇರೆ ಅಂಗಡಿಗಳ ರೈತರೂ ಇಲ್ಲಿಗೇ ಬರತೊಡಗಿದಾಗ, ಆ ಅಂಗಡಿಯವರು ಸುಮ್ಮನಿರುತ್ತಾರೆಯೇ? ಫೋನು ಹೋಯಿತು. ನಾಲ್ಕು ಗಂಟೆಗೆ ತೂಕ-ಅಳತೆಯ ಅಧಿಕಾರಿ ಗೋವರ್ಧನ ಜೀಪಿನಲ್ಲಿ ಬಂದಿಳಿದರು.

“ಏಮಿಟಯ್ಯಾ ಇದಿ?” ಅಂದರು ತೆಲುಗಿನಲ್ಲಿ, ಏನಯ್ಯಾ ಇದು ಎಂದು. ಪೆಟ್ಟಿಗೆಯನ್ನು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. “ಸರ್ಕಾರದ ಮುದ್ರಿ ಎಲ್ಲೈತಿ? ಮುದ್ರಿ ಇಲ್ದ ಅಳದ್ರ ಕೇಸ್ ಆಗ್ತೈತಿ. ಯಾರದಿದು?”

“ಇವಂದ್ರಿ ಸರ್!” ಎಂದರು ಮರಿಬಸಪ್ಪ, ಒಂದು ಹೆಜ್ಜೆ ಹಿಂದೆ ಸರಿದು. “ನನಗೇನೂ ಗೊತ್ತಿಲ್ಲ.”

ತಿಪ್ಪೇಶನಿಗೆ ಇನ್ನು ಮುಚ್ಚಿಡುವುದು ಸಾಕೆನಿಸಿತು. “ಸರ್, ಇದು ಹಾಡೋ ಪೆಟ್ಟಿಗಿರಿ. ತೇವ ಗೀವ ಇದಕ್ಕೇನೂ ತಿಳಿಯಂಗಿಲ್ಲ. ನಾನು ಖುಷಿಗೆ ತಗಂಡಿದ್ದು” ಎಂದ.

ಜನ ಮರುಕದಿಂದ ನಕ್ಕರು. “ಪಾಪ, ಸಾವ್ಕಾರ್ರಿಗೆ ಅಂಜ್ಯಾನ್ರಿ ಸರ್” ಎಂದ ಗಾದಿಲಿಂಗ.

ಗೋವರ್ಧನ ನಗಲಿಲ್ಲ. ಜೀಪಿನಿಂದ ಸರ್ಕಾರಿ ಯಂತ್ರ ತರಿಸಿದರು. “ಮೂರು ಸಲ ನೋಡೋಣ. ನಿಮ್ಮ ಪೆಟ್ಟಿಗಿ ತಪ್ಪು ಹೇಳಿದ್ರ ಅದು ಆಟದ ಸಾಮಾನು, ಎತ್ಕೊಂಡು ಮನೀಗೆ ಹೋಗ್ರಿ. ಸರಿ ಹೇಳಿದ್ರ ಅದು ಅಳತಿ ಸಾಧನ, ಕಾನೂನು ಪ್ರಕಾರ ಏನು ಮಾಡ್ಬೇಕೋ ಮಾಡ್ತೀನಿ.”

ಇದಕ್ಕಿಂತ ಸುಲಭ ಯಾವುದಿದೆ? ಮೂರು ಸಲ ತಪ್ಪು ದೀಪಕ್ಕೆ ನಿಲ್ಲಿಸಬೇಕು, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಡಬೇಕು. ತಿಪ್ಪೇಶ ಹದಿನಾರನೆಯ ದೀಪ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಮೊದಲು ಬಂದದ್ದು ರಾಮಲಕ್ಷ್ಮಿಯ ಹತ್ತಿ. ಎಡಗೈಗೆ ಬೆಚ್ಚಗೆ, ಹಗುರವಾಗಿ ಹತ್ತಿತು. ಹನ್ನೆರಡು ದಿನದ ಬಿಸಿಲು ಅದರಲ್ಲಿತ್ತು. ಹಾಡು ಶುರುವಾಯಿತು. ದೀಪ ಏಳಕ್ಕೆ ಬಂತು. ರಾಮಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ದೀಪವನ್ನಲ್ಲ, ತಿಪ್ಪೇಶನ ಮುಖವನ್ನು ನೋಡುತ್ತಿದ್ದಳು. ಎಂಟಕ್ಕೆ ಬಂದಾಗ ಬೆರಳು ತಾನೇ ಒತ್ತಿಬಿಟ್ಟಿತು. ಒಣಗಿದ ಹತ್ತಿಯನ್ನು ಹಸಿ ಎನ್ನಲು ಅವನಿಂದ ಆಗಲಿಲ್ಲ.

ಸರ್ಕಾರಿ ಯಂತ್ರವೂ ಎಂಟು ಅಂತು. ಎರಡನೆಯದೂ ತಾಳೆಯಾಯಿತು, ಮೂರನೆಯದೂ ತಾಳೆಯಾಯಿತು. ಸಾಹುಕಾರರ ಹಳೆಯ ಯಂತ್ರವನ್ನು ಆ ಮೂರನೆಯ ಹತ್ತಿಗೇ ಹಿಡಿದಾಗ ಹದಿನಾಲ್ಕು ಅಂತು. ಗೋವರ್ಧನ ಅದನ್ನು ಜೀಪಿಗೆ ಹಾಕಿಸಿದರು.

ಆಮೇಲೆ ಕಾನೂನಿನ ಕೆಲಸ ನಡೆಯಿತು. ಯಾರೂ ತಿರುಗಿಸಿ ಮೋಸ ಮಾಡಬಾರದೆಂದು ಪೆಟ್ಟಿಗೆಯ ಗುಂಡಿಗಳಿಗೆಲ್ಲ ತಂತಿ ಬಿಗಿದು, ಇಕ್ಕಳದಿಂದ ಸೀಸದ ಮುದ್ರೆ ಒತ್ತಿದರು. ಸದ್ದು ರೈತರಿಗೆಲ್ಲ ಕೇಳಬೇಕೆಂದು ವೈರಿನ ತೂತಿಗೆ ಅರಗು ತುಂಬಿದರು. ಶುರು ಮಾಡುವ, ನಿಲ್ಲಿಸುವ ಗುಂಡಿಯೊಂದನ್ನು ಮಾತ್ರ ಬಿಟ್ಟರು.

“ಒಂದು ವರ್ಷ ಇದೇ ಅಂಗಡ್ಯಾಗ ಇರ್ಬೇಕು. ಅಳ್ಯೋದು ಇವರೊಬ್ಬರೇ. ಮುದ್ರಿ ಒಡದ್ರ ಜೈಲು” ಎಂದರು ಗೋವರ್ಧನ. ಜನ ಚಪ್ಪಾಳೆ ತಟ್ಟಿದರು. ತಿಪ್ಪೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಸಂತೋಷಕ್ಕೆ ಅಂತ ಎಲ್ಲರೂ ತಿಳಿದುಕೊಂಡರು.

ಹೊರಡುವಾಗ ಗೋವರ್ಧನ ಅವನನ್ನು ಜೀಪಿನ ಹತ್ತಿರ ಕರೆದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು.

“ನನ್ನ ಮನ್ಯಾಗೂ ಇಂಥದ್ದೇ ಐತ್ರಿ. ಎರಡು ವರ್ಷ ಆತು.”

ತಿಪ್ಪೇಶ ಒಂದು ಹೆಜ್ಜೆ ಹತ್ತಿರ ಬಂದ. “ಅಂದ್ರ... ನಿಮಗ ಮೊದ್ಲೇ ಗೊತ್ತಿತ್ತೇನ್ರಿ ಸರ್?”

“ನೋಡಿದ ಕೂಡ್ಲೇ ಗೊತ್ತಾತು. ಪೆಟ್ಟಿಗಿ ಸುಮ್ನ ಹಾಡ್ತಿತ್ತು, ತೇವ ನೋಡಿದ್ದು ನಿಮ್ಮ ಎಡಗೈ. ಕೈಗೆ ಮುದ್ರಿ ಒತ್ತಾಕ ಕಾನೂನಿನ್ಯಾಗ ಜಾಗ ಇಲ್ಲ. ಬಿಟ್ಟು ಹೋದ್ರ ನಾಳೆ ಮತ್ತ ಹದಿನಾಕು ಶುರು ಆಗ್ತೈತಿ. ಅದಕ್ಕ ಪೆಟ್ಟಿಗಿಗೆ ಒತ್ತಿದೆ.”

ಜೀಪು ಶುರುವಾಯಿತು. ಸ್ವಲ್ಪ ಮುಂದೆ ಹೋದದ್ದು ಮತ್ತೆ ನಿಂತಿತು. ಗೋವರ್ಧನ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಹಾಡು ಚಂದ ಕಟ್ಟೀರಿ. ಆದ್ರ ಆ ಮೂರನೇ ಗುಂಡಿ ಒಂದೀಟು ಎಡಕ್ಕ ತಿರುವಿದ್ರ ಇನ್ನೂ ಚಂದ ಆಗ್ತಿತ್ತು ನೋಡ್ರಿ.”

ಗೋದಾಮಿಗೆ ಮರಳಿದ ತಿಪ್ಪೇಶ ಮೂರನೆಯ ಗುಂಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಎಡಕ್ಕೆ ತಿರುವಿ ನೋಡಿದ. ಕೂದಲೆಳೆಯಷ್ಟೂ ಕದಲಲಿಲ್ಲ. ಗಾದಿಲಿಂಗ ಇನ್ನೊಂದು ಚೀಲ ಬಿಚ್ಚಿ, “ಹಾಡಸ್ರಿ ತಿಪ್ಪೇಶಣ್ಣ” ಎಂದ. ಹಾಡು ಶುರುವಾಯಿತು. ಆ ಸಾಹೇಬರು ಹೇಳಿದ್ದು ನಿಜ, ಗುಂಡಿ ಎಡಕ್ಕೇ ತಿರುಗಬೇಕಿತ್ತು.