ಬೋಂಡನ ಹೊಟ್ಟೆ, ಲಾವಣ್ಯಾಳ ಆಸೆ

ಗಂಡನನ್ನು ಮನೆಗೆ ಕರೆಸುವ ಶಕ್ತಿ ತನಗಿಲ್ಲ ಎಂಬುದು ಲಾವಣ್ಯಾಳಿಗೆ ಎಂದೋ ಖಾತ್ರಿಯಾಗಿತ್ತು. ಮನೀಶ್ ನಾಸಿಕ್‌ನಲ್ಲಿ ಹೋಟೆಲ್ ಮ್ಯಾನೇಜರ್. ಚೆಂಬೂರಿನ ಮನೆಗೆ ತಿಂಗಳಿಗೊಮ್ಮೆ ಬಂದು, ಕೂಸನ್ನು ಎತ್ತಿ, ಬಟ್ಟೆ ಒಗೆಸಿಕೊಂಡು ಅಂತರ್ಧಾನವಾಗುವ ಮಹಾಪುರುಷ. ಮನೆಯಲ್ಲಿ ಉಳಿದವರು ಅವಳು, ಈಗಷ್ಟೇ ನಡೆಯಲು ಕಲಿತ ಸೃಜನ್, ಮತ್ತು ಮನೀಶ್ ಹಿಂದೊಮ್ಮೆ ಹೋಟೆಲಿನ ಹಿಂಬಾಗಿಲಿನಿಂದ ಎತ್ತಿ ತಂದಿದ್ದ ನಾಯಿ ಬೋಂಡ. ಸಂಜೆ ಲಿಫ್ಟಿನ ಸದ್ದಾದರೆ ಅವಳೂ ಬೋಂಡನೂ ಒಟ್ಟಿಗೇ ಬಾಗಿಲ ಕಡೆ ನೋಡುತ್ತಿದ್ದರು. (ಬಾಲ ಇದ್ದದ್ದು ಒಬ್ಬರಿಗೆ ಮಾತ್ರ.)

ಒಂದು ಬೆಳಿಗ್ಗೆ ಬೋಂಡನ ಹೊಟ್ಟೆ ಕೆಟ್ಟಿತು. ಸೃಜನ್ ಕೆಳಗೆಸೆದ ಬೆಣ್ಣೆದೋಸೆಯನ್ನೆಲ್ಲ ಅದೇ ವಿಲೇವಾರಿ ಮಾಡಿತ್ತು. ಲಾವಣ್ಯಾ ಫೋನ್ ಮಾಡಿದಳು.

"ವಾಂತಿ ಉಂಟಾ?" ಮನೀಶನ ದನಿಯಲ್ಲಿ ಅವಳು ಎಂದೂ ಕೇಳಿರದ ನಡುಕ. "ರಕ್ತ ಹೋಗ್ತಾ ಉಂಟಾ? ನೀರು ಕುಡೀತದಾ? ಜೋರಿದ್ರೆ ಹೇಳು, ಈಗಲೇ ಹೊರಡ್ತೇನೆ."

ಈಗಲೇ! ಒಂದು ಸುಳ್ಳು ಸಾಕು, ಸಂಜೆಗೆ ಗಂಡ ಮನೆಯಲ್ಲಿ. ಬೋಂಡ ಬಾಲ ಆಡಿಸುತ್ತಾ ಲೊಚಲೊಚ ನೀರು ಕುಡಿಯುತ್ತಿತ್ತು, ದ್ರೋಹಿ.

"ಎಂತದೂ ಇಲ್ಲ ಮಾರಾಯ್ರೆ. ಎರಡು ಸಲ ತೆಳ್ಳಗೆ ಹೋಗಿದೆ, ಅಷ್ಟೆ. ಆಟ ಆಡ್ತಾ ಉಂಟು."

"ಹಾಗಾದ್ರೆ ಸ್ವಲ್ಪ ಹೊತ್ತು ನೋಡುವ," ಎಂದು ಅವನು ಫೋನಿಟ್ಟ. ತನ್ನ ಸತ್ಯಸಂಧತೆಗೆ ತಾನೇ ಶಾಪ ಹಾಕುತ್ತಾ ಅವಳು ನೆಲ ಒರೆಸಿದಳು.

ಮಧ್ಯಾಹ್ನದ ಹೊತ್ತಿಗೆ ಬೋಂಡ ಮೇಲಿಂದ ಮೇಲೆ ಕಾರಿತು. ಭೇದಿಯಲ್ಲಿ ಕೆಂಪು ಕಂಡಿತು. ನೀರು ಮುಂದಿಟ್ಟರೆ ಮುಖ ತಿರುಗಿಸಿತು. ಹೆಸರು ಕರೆದರೂ ಏಳಲಿಲ್ಲ. ಕೂಸಿಗೆ ಹೀಗಾಗಿದ್ದರೆ ಕಾಯುತ್ತಿದ್ದೆನೇ ಎಂದುಕೊಂಡವಳೇ, ಸೃಜನ್‌ನನ್ನು ಸೊಂಟಕ್ಕೇರಿಸಿ, ಬೋಂಡನನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಬೀದಿಗಿಳಿದಳು. ಗಂಡ ಬರಲಿ ಎಂಬ ಆಸೆ ಆಗ ನೆನಪಾಗಲೂ ಇಲ್ಲ. ಇದೊಂದು ಉಳಿದರೆ ಸಾಕಿತ್ತು.

"ಕುತ್ತಾ ನಹೀ ಚಲೇಗಾ ಮ್ಯಾಡಮ್," ಎಂದು ನಾಯಿಯನ್ನು ಹತ್ತಿಸಲು ಒಪ್ಪಲಿಲ್ಲ ರಿಕ್ಷಾದವ.

"ಕುತ್ತಾ ನಹೀ ಭೈಯಾ, ಬಡಾ ಬೇಟಾ ಹೈ!" ಎಂದು ಬೋಂಡನನ್ನು ಹಿರಿಮಗನನ್ನಾಗಿಸಿ, ಗದರಿ ಹತ್ತಿ ಕುಳಿತಳು.

ಪ್ರಾಣಿಗಳ ಡಾಕ್ಟರು ಸಲೈನ್ ಏರಿಸಿ, ಇಂಜೆಕ್ಷನ್ ಚುಚ್ಚಿ, ನೀವು ನಾಳೆ ನೋಡೋಣವೆಂದು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ವಾಂತಿ ನಿಂತ ಮೇಲೆ ಬರೀ ಗಂಜಿ ಕೊಡಬೇಕಂತೆ. ಸಲೈನ್ ಏರಿಸಿಕೊಂಡು ಮಲಗಿದ್ದ ಬೋಂಡನ ಒಂದು ಫೋಟೋವನ್ನು ಲಾವಣ್ಯಾ ಗಂಡನಿಗೆ ಕಳಿಸಿದಳು. ತಕ್ಷಣ ಉತ್ತರ ಬಂತು: 'ಹೊರಟೆ.'

ಬೋಂಡ ಕಣ್ಣು ತೆರೆದು ಬಾಲ ಅಲ್ಲಾಡಿಸಿದ ಮೇಲೆ ಅವಳ ಆಸೆಗೂ ಜೀವ ಬಂತು. ಮನೆಗೆ ಬಂದು ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದಳು, ಹಸಿರು ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು.

ರಾತ್ರಿ ಬಾಗಿಲು ತೆರೆದರೆ ಮನೀಶ್ ಗಾಳಿಯಂತೆ ಅವಳನ್ನು ದಾಟಿ ಹೋಗಿ ಬೋಂಡನ ಪಕ್ಕ ನೆಲದ ಮೇಲೆ ಕುಳಿತ. "ಎಂತಾಯ್ತು ಮಗಾ? ಅಪ್ಪ ಬಂದೆ ನೋಡು."

"ಕೈಕಾಲು ತೊಳ್ಕೊಳ್ಳಿ, ಮೀನು ಬಿಸಿ ಉಂಟು," ಎಂದಳು ಲಾವಣ್ಯಾ, ಮಲ್ಲಿಗೆ ಕಾಣುವಂತೆ ತಿರುಗಿ ನಿಂತು.

"ಇವನೆದುರು ಮೀನು ತಿನ್ಲಿಕ್ಕೆ ಮನಸ್ಸಾದ್ರೂ ಬರ್ತದಾ ಮಾರಾಯ್ತಿ? ನನಗೂ ಗಂಜಿಯೇ ಹಾಕು."

ಇಬ್ಬರಿಗೂ ಗಂಜಿ ಬಡಿಸಿ, ಅವಳು ಅಡುಗೆಮನೆಯಲ್ಲಿ ಪಾತ್ರೆ ತುಂಬ ಬಂಗುಡೆಯ ಎದುರು ಒಬ್ಬಳೇ ಕುಳಿತಳು. ಅಷ್ಟರಲ್ಲಿ ಹಾಲಿನಿಂದ ಎಂದೂ ಇಲ್ಲದ ಮೃದು ದನಿ:

"ಲಾವಣ್ಯಾ... ಒಮ್ಮೆ ಇಲ್ಲಿ ಬಾ."

ಕೈ ತೊಳೆದು, ಸೆರಗು ಸರಿಪಡಿಸಿಕೊಂಡು ಅಡುಗೆಮನೆಯ ಬಾಗಿಲವರೆಗೆ ಓಡಿದಳು.

"ಬರುವಾಗ ಒರೆಸುವ ಬಟ್ಟೆ ತಾ. ಬೋಂಡ ಗಂಜಿ ಚೆಲ್ಲಿದ."