ಸೀತಾಳೆ ಹೂವಿನ ಕೊಸರು

ಕೊಸರಿಲ್ಲದ ವ್ಯಾಪಾರ ನನಗೆ ಉಪ್ಪಿಲ್ಲದ ಸಾರಿನಂತೆ. ಉಡಿಗಾಲದಿಂದ ಬೆಲ್ಲ ಹೊತ್ತು ಸಂತೆಗೆ ಬರುತ್ತಿದ್ದವನು ಇಂದು ಚಾಮರಾಜನಗರದಲ್ಲಿ ಮಂಡಿ ಇಟ್ಟಿದ್ದರೆ, ಕೊಂಡದ್ದರ ಮೇಲೆ ಒಂದಿಷ್ಟು ಹೆಚ್ಚಿಗೆ ಕೇಳಲು ನಾಚದಿದ್ದುದೇ ಕಾರಣ. ನೀವೂ ನಾಚಬೇಡಿ. ಸೊಪ್ಪು ಕೊಂಡರೆ ಕರಿಬೇವು ಕೇಳಿ. ಕೊಡದಿದ್ದರೆ ಎರಡು ಹೆಜ್ಜೆ ನಡೆದುಬಿಡಿ, ತಾವಾಗಿಯೇ ಕರೆಯುತ್ತಾರೆ.

ಹೋದ ವರ್ಷ ನಾನೂ ಹೆಂಡತಿ ಶಿವಮ್ಮನೂ ಗುಂಡ್ಲುಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರಿಗಿದ್ದ ಮಲೆಯಾಳಿ ಕುಟ್ಟನ್‌ನ ಟೀ ಅಂಗಡಿಯ ಸೂರಿನಲ್ಲಿ, ಮರದ ತುಂಡೊಂದಕ್ಕೆ ಬೇರು ಕಚ್ಚಿಕೊಂಡು, ಅಳಿಲಿನ ಬಾಲದಂಥ ಗೊಂಚಲುಗಳನ್ನು ಇಳಿಬಿಟ್ಟಿತ್ತು ಸೀತಾಳೆ ಹೂ. ಓದಿದವರು ಆರ್ಕಿಡ್ ಅನ್ನುತ್ತಾರಂತೆ. ಮದುವೆಯಾದಂದಿನಿಂದ ಬಾಯಿಬಿಟ್ಟು ಏನನ್ನೂ ಕೇಳದ ಶಿವಮ್ಮ, "ನಂಗದು ಬೇಕು ಕಣ್ರೀ" ಅಂದಳು.

ಚೌಕಾಸಿ ಮುಗಿಯಿತು. "ಇದಕ್ಕೆ ಮಣ್ಣು ಬೇಡ ಸಾವ್ಕಾರ್ರೆ. ಮರಕ್ಕೆ ಕಟ್ಟಿ ನೀರು ಚಿಮುಕಿಸಿ, ಸಾಕು" ಎಂದ ಕುಟ್ಟನ್. ಅಷ್ಟರಲ್ಲಿ ಅಂಗಡಿಯ ಮೂಲೆಯಲ್ಲಿದ್ದ ಹೂಕುಂಡ ನನ್ನ ಕಣ್ಣಿಗೆ ಬಿತ್ತು.

"ಕೊಸರಿಗೆ ಅದನ್ನೂ ಕೊಡು, ಮಣ್ಣು ತುಂಬಿ."

"ಮಣ್ಣಲ್ಲಿಟ್ಟರೆ ಕೊಳೆತುಹೋಗ್ತದೆ!"

"ಕೊಡಕ್ಕೆ ಮನಸಿಲ್ಲ ಅಂತ ಹೇಳಯ್ಯ!" ಎರಡು ಹೆಜ್ಜೆ ನಡೆದೆ. ಕುಟ್ಟನ್ ಕರೆದ.

ಹಾಗೆ ಗೆದ್ದ ಕುಂಡವನ್ನು ಖಾಲಿ ಇಡುವುದುಂಟೆ? ಗಿಡವನ್ನು ಅದರಲ್ಲೇ ಊರಿದೆ. ಮೇಲೆ ತಿಪ್ಪೆಗೊಬ್ಬರ, ದಿನವೂ ಚೊಂಬು ಚೊಂಬು ನೀರು. ಎಲೆ ಹಳದಿಯಾದಾಗ, ಹಳೆಯದು ಹೋಗಿ ಹೊಸದು ಬರುತ್ತದೆ ಎಂದೆ. ಬುಡ ಮೆತ್ತಗಾದಾಗ ಇನ್ನೊಂದು ಬೊಗಸೆ ಗೊಬ್ಬರ ಹಾಕಿದೆ.

"ಅವ್ನು ಬ್ಯಾಡ ಅಂದಿದ್ದನ್ನೇ ಮಾಡ್ಬುಟ್ರಲ್ಲ! ನಾ ಕೇಳಿದ್ದು ಹೂವ. ಕುಂಡ ಯಾರು ಕೇಳಿದ್ರು?" ಎಂದಳು ಶಿವಮ್ಮ. ಅವಳ ಕಣ್ಣು ತುಂಬಿತ್ತು.

"ಸುಮ್ನಿರಮ್ಮಿ, ಗೊಬ್ರ ಇಲ್ದೆ ಯಾವ್ದಾರ ಬೆಳೆದದಾ?" ಅಂದೆನಾದರೂ, ಮಂಡಿಯಲ್ಲಿರುವಷ್ಟು ಗಟ್ಟಿ ದನಿ ಬರಲಿಲ್ಲ.

ಮಂಡಿಗೆ ಅರಿಶಿನ ಕೊಳ್ಳಲು ನಾನು ಚಂದಕವಾಡಿಗೆ ಹೋದ ದಿನ ಅವಳು ಗಿಡವನ್ನು ಕಿತ್ತು, ಕೊಳೆತದ್ದನ್ನು ಕುಯ್ದೆಸೆದು, ಉಳಿದೊಂದು ತುಂಡನ್ನು ಬಚ್ಚಲ ಪಕ್ಕದ ಬೇವಿನ ಮರಕ್ಕೆ ಹಳೇ ಸೀರೆಯ ಚೂರಿನಿಂದ ಕಟ್ಟಿದ್ದಳು. "ಇನ್ನು ಮುಟ್ಟಿದ್ರೆ ನೋಡಿ ಮತ್ತೆ!" ಎಂದಳು. ನಾನು ಮುಟ್ಟಲಿಲ್ಲ. ನಾನು ಮಾಡಿದ ನಿಜವಾದ ಆರೈಕೆ ಅದೊಂದೇ.

ಈ ವರ್ಷ ಮಳೆಗೆ ಮುಂಚೆ ಒಂದು ಗೊಂಚಲು ಇಳಿಬಿತ್ತು. ಶಿವಮ್ಮ ಅದನ್ನು ತುರುಬಿಗೆ ಮುಡಿದಳು. ಕುದೇರಿನಿಂದ ಬಂದಿದ್ದ ನೆಂಟರು, ಹೇಗೆ ಬೆಳೆಸಿದಿರಿ ಎಂದರು. ನಾನು ಗಂಟಲು ಸರಿಮಾಡಿಕೊಂಡು, "ಮುಖ್ಯವಾಗಿ ಮಣ್ಣು ಕೂಡದು..." ಎಂದು ಶುರುಮಾಡಿದೆ. ಅಡುಗೆಮನೆಯಿಂದ ಕೆಮ್ಮು ಕೇಳಿಸಿತು.

ಆ ಕುಂಡದಲ್ಲಿ ಈಗ ಕೊತ್ತಂಬರಿ ಸೊಂಪಾಗಿದೆ, ಕೊಸರೇನೂ ದಂಡವಾಗಲಿಲ್ಲ. ನೆಂಟರು ಬಂದಿದ್ದ ಅಂದಿನ ಊಟದಲ್ಲಿ ಶಿವಮ್ಮ ಎಲ್ಲರಿಗೂ ಸಾರು ಬಡಿಸಿ, ನನ್ನ ಎಲೆಗೆ ಮಾತ್ರ ಮೇಲೊಂದು ಚಿಟಿಕೆ ಹಸಿ ಸೊಪ್ಪು ಉದುರಿಸಿದಳು.

"ತಕಳಿ, ನಿಮ್ಮ ಕೊಸರು."